ಕಾಲೇಜಿನ ಅಂಗಳಕ್ಕೊಂದು ಡಿಜಿಟಲ್ ಪರದೆ: ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಒಂದು ಪದವಿ ಕಾಲೇಜಿನ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಗ್ರಂಥಾಲಯದ ಹೊರಗಿನ ಪಡಸಾಲೆಯಲ್ಲಿ ಸೂಚನೆ, ಫೋಟೊ, ಬರಹಗಳನ್ನು ತೋರಿಸುವ, ವಿದ್ಯಾರ್ಥಿಗಳೇ ನಡೆಸುವ ಒಂದು ಟಿವಿ ಪರದೆ ಇದೆ. ಅದು ಗೋಡೆ ಏರಿದ ದಿನದಿಂದ ಅದರ ಜೊತೆಗಿದ್ದೇನೆ. ಬೀದರ್, ಯಾದಗಿರಿ, ಸೇಡಂ, ಹುಮನಾಬಾದ್ ಕಡೆಯ ಅಧ್ಯಾಪಕರು, ವಿದ್ಯಾರ್ಥಿಗಳು ಫೋನ್ ಮಾಡಿ ಮತ್ತೆ ಮತ್ತೆ ಕೇಳುವ ಮಾತುಗಳಿಗೆ ಇಲ್ಲಿ ಒಂದೇ ಕಡೆ ಉತ್ತರ ಬರೆದಿದ್ದೇನೆ. ಕೆಲವು ಉತ್ತರ ಉದ್ದವಾಗಿವೆ. ನಾವು ಎಲ್ಲಿ ಎಡವಿದೆವೋ ಅಲ್ಲಿ ಹೇಳುವುದು ಹೆಚ್ಚಿದೆ.

ವಾಟ್ಸ್‌ಆ್ಯಪ್ ಗುಂಪುಗಳು ಇರುವಾಗ ಗೋಡೆಯ ಮೇಲೆ ಪರದೆ ಏಕೆ ಬೇಕು?

ವಾಟ್ಸ್‌ಆ್ಯಪ್ ಗುಂಪಿನಲ್ಲಿರುವವರು ಆಗಲೇ ಪರಿಚಯ ಇದ್ದವರು. ಬಿ.ಎ. ಮೊದಲ ವರ್ಷದ ಗುಂಪಿಗೆ ಬಂದ ಸುದ್ದಿ ಬಿ.ಎಸ್ಸಿ. ಕೊನೆಯ ವರ್ಷದವರಿಗೆ ತಿಳಿಯುವುದಿಲ್ಲ. ಮೊಬೈಲಿನಲ್ಲಿ ಬಂದದ್ದನ್ನು ಪ್ರತಿಯೊಬ್ಬರೂ ತಮ್ಮಷ್ಟಕ್ಕೆ ತಾವೇ ಓದಿಕೊಳ್ಳುತ್ತಾರೆ. ಗೋಡೆಯ ಮೇಲಿನದನ್ನು ಪಕ್ಕದಲ್ಲಿ ನಿಂತ ಅಪರಿಚಿತರೂ ಅದೇ ಹೊತ್ತಿಗೆ ಓದುತ್ತಿರುತ್ತಾರೆ. "ಇದು ನಿಮ್ಮೂರೇ?" ಎಂದು ಮಾತು ತೆಗೆಯಲು ಒಂದು ನೆಪ ಸಿಗುತ್ತದೆ. ಆ ನೆಪಕ್ಕಾಗಿಯೇ ಪರದೆ ಬೇಕು.

ನಮ್ಮ ಭಾಗಕ್ಕೆ ಇದು ಹೊಸದೂ ಅಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ ಅಮೆರಿಕದ ಎಟಿಎಸ್-6 ಉಪಗ್ರಹದ ಮೂಲಕ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ಕಾರ್ಯಕ್ರಮ ಬಿತ್ತರಿಸಿದ ಸೈಟ್ ಎಂಬ ಪ್ರಯೋಗ ನಡೆಯಿತು. ಕರ್ನಾಟಕದಲ್ಲಿ ಅದಕ್ಕೆ ಆರಿಸಿಕೊಂಡದ್ದು ಗುಲಬರ್ಗಾ, ರಾಯಚೂರು, ವಿಜಾಪುರ ಜಿಲ್ಲೆಗಳನ್ನು. ಕೋಳಿ ಬಲೆಯಂಥ ತಂತಿಜಾಲರಿಯಿಂದ ಮಾಡಿದ ಹತ್ತು ಅಡಿಯ ಆಂಟೆನಾ, ಊರಿಗೆಲ್ಲ ಒಂದೇ ಟಿವಿ. ಬೆಳಿಗ್ಗೆ ಶಾಲೆಯ ಮಕ್ಕಳಿಗೆ, ಸಂಜೆ ಹೊಲದಿಂದ ಮರಳಿದ ದೊಡ್ಡವರಿಗೆ. ಆಗ ಯಾದಗಿರಿ ಕೂಡ ಗುಲಬರ್ಗಾ ಜಿಲ್ಲೆಯೊಳಗೇ ಇತ್ತು. 1977ರಲ್ಲಿ ಗುಲಬರ್ಗಾಕ್ಕೆ ದೂರದರ್ಶನ ಕೇಂದ್ರ ಬಂದದ್ದು ಆ ಪ್ರಯೋಗದ ಮುಂದುವರಿಕೆಯಾಗಿಯೇ. ಬೆಂಗಳೂರಿನ ಮನೆಗಳಲ್ಲಿ ಟಿವಿ ಇರದ ಕಾಲದಲ್ಲಿ ನಮ್ಮ ಹಳ್ಳಿಗಳ ಜನ ಒಟ್ಟಿಗೆ ನೆಲದ ಮೇಲೆ ಕುಳಿತು ಟಿವಿ ನೋಡಿದ್ದಾರೆ. ಇಂದಿನ ವಿದ್ಯಾರ್ಥಿಗಳ ಅಜ್ಜ ಅಜ್ಜಿಯರಲ್ಲಿ ಅದನ್ನು ಕಂಡವರು ಇನ್ನೂ ಇದ್ದಾರೆ. ನಿಮ್ಮ ಪರದೆಗೆ ಮೊದಲ ವಿಷಯ ಬೇಕೆಂದರೆ, ಮನೆಗೆ ಹೋಗಿ ಅವರನ್ನು ಮಾತಾಡಿಸಿ ಬನ್ನಿ ಎಂದು ವಿದ್ಯಾರ್ಥಿಗಳಿಗೆ ಹೇಳಿ.

ನಮ್ಮಲ್ಲಿ ಪರದೆ ಹಾಕಿ ಆರು ತಿಂಗಳಾಯಿತು. ಯಾರೂ ನೋಡುವುದಿಲ್ಲ. ಏಕೆ?

ನೋಡಲು ಅದರಲ್ಲಿ ತಮ್ಮದೇನೂ ಇಲ್ಲ ಎಂದು ವಿದ್ಯಾರ್ಥಿಗಳು ಮೊದಲ ವಾರದಲ್ಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಜರ್ಮನಿಯಲ್ಲಿ ಯೋರ್ಗ್ ಮುಲ್ಲರ್ ಮತ್ತು ಸಂಗಡಿಗರು 2009ರಲ್ಲಿ ಇದನ್ನೇ ಹೇಳಿದರು. ಸಾರ್ವಜನಿಕ ಪರದೆಯಲ್ಲಿ ಬರುವುದು ಜಾಹೀರಾತೇ ಇರಬೇಕು ಎಂಬ ಎಣಿಕೆ ಒಮ್ಮೆ ಮನಸ್ಸಿನಲ್ಲಿ ಕೂತರೆ, ಜನರ ಕಣ್ಣು ಪರದೆಯನ್ನು ದಾಟಿ ಹೋಗುತ್ತದೆ. ಅದನ್ನು ಅವರು ಪರದೆಗುರುಡು ಎಂಬ ಅರ್ಥದ ಹೆಸರಿನಿಂದ ಕರೆದರು.

ನಮ್ಮಲ್ಲೂ ಹಾಗೆಯೇ ಆಯಿತು. ಮೊದಲು ಪರದೆ ಹಾಕಿದ್ದು ಪ್ರಾಂಶುಪಾಲರ ಕೊಠಡಿಯ ಎದುರು. ಅಲ್ಲಿ ನಿಲ್ಲುವುದೆಂದರೆ ಏನೋ ತಪ್ಪು ಮಾಡಿ ಕರೆಸಿಕೊಂಡವರ ಹಾಗೆ ಕಾಣುತ್ತದೆ. ಅದರಲ್ಲಿ ತಿಂಗಳುಗಟ್ಟಲೆ ಓಡಿದ್ದು ಅತಿಥಿಗಳಿಗೆ ಸ್ವಾಗತ ಕೋರುವ ಚಿತ್ರ, ಕಟ್ಟಡದ ಚಿತ್ರ, ಮಹನೀಯರ ಜಯಂತಿಯ ಶುಭಾಶಯ. ಅತಿಥಿಗಳು ಬಂದು ಹೋಗಿ ವಾರ ಕಳೆದರೂ ಅವರ ಸ್ವಾಗತ ನಿಂತಿರಲಿಲ್ಲ. ಹಳೆಯ ಸುದ್ದಿಯನ್ನು ತೆಗೆಯದೆ ಬಿಟ್ಟಷ್ಟು ಬೇಗ ಪರದೆಯ ಮರ್ಯಾದೆ ಕಳೆಯುವುದು ಬೇರೊಂದಿಲ್ಲ. ದಿನಾಂಕ ಮುಗಿದದ್ದು ಆ ದಿನ ಸಂಜೆಯೇ ಇಳಿಯಬೇಕು.

ಇನ್ನೊಂದು ಸಂಗತಿ. 2003ರಲ್ಲಿ ಹ್ಯಾರಿ ಬ್ರಿಗ್ನಲ್ ಮತ್ತು ಇವೋನ್ ರಾಜರ್ಸ್ ಸಮಾರಂಭಗಳಲ್ಲಿ ಒಂದು ದೊಡ್ಡ ಪರದೆ ಇಟ್ಟು, ಬಂದವರು ತಮ್ಮ ಅಭಿಪ್ರಾಯ ಬರೆಯಲು ಬಿಟ್ಟು ನೋಡಿದರು. ಪರದೆಯ ಬಳಿ ನಾಲ್ಕು ಜನ ನಿಂತರೆ ಇನ್ನೂ ನಾಲ್ಕು ಜನ ಬರುತ್ತಾರೆ. ಬಂದವರು ಮೊದಲು ದೂರದಿಂದ, ಆಮೇಲೆ ಸನಿಹದಿಂದ ನೋಡಿ, ಕೊನೆಗೆ ತಾವೂ ಕೈ ಹಾಕುತ್ತಾರೆ. ಶರಣಬಸವೇಶ್ವರ ಜಾತ್ರೆಯಲ್ಲಿ ಯಾವ ಅಂಗಡಿಯ ಮುಂದೆ ಜನ ನೆರೆಯುತ್ತಾರೆ ಎಂದು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಆದ್ದರಿಂದ ಪರದೆಯನ್ನು ಜನ ಆಗಲೇ ನಿಲ್ಲುವ ಕಡೆಗೆ ಒಯ್ಯಿರಿ. ಪರದೆಯ ಕಡೆಗೆ ಜನರನ್ನು ಎಳೆಯುವ ಕೆಲಸ ಬಹಳ ಕಷ್ಟದ್ದು.

ಹಾಗಾದರೆ ಎಲ್ಲಿ ಹಾಕಬೇಕು? ಎಷ್ಟು ಎತ್ತರದಲ್ಲಿ?

ಖರೀದಿಗೆ ಮುನ್ನ ಒಂದು ವಾರ ಸುಮ್ಮನೆ ನೋಡಿ. ಬೆಳಿಗ್ಗೆ, ಮಧ್ಯಾಹ್ನ ಊಟದ ಹೊತ್ತು, ಸಂಜೆ ಬಸ್ಸಿಗೆ ಹೊರಡುವ ಮುಂಚೆ ಯಾರು ಎಲ್ಲಿ ನಿಲ್ಲುತ್ತಾರೆ, ಎಷ್ಟು ಹೊತ್ತು ನಿಲ್ಲುತ್ತಾರೆ ಎಂದು ಒಂದು ಹಾಳೆಯಲ್ಲಿ ಗುರುತು ಹಾಕಿ. ನೀರಿನ ತೊಟ್ಟಿ, ಚಹಾದಂಗಡಿ, ಬೇವಿನ ಮರದ ಕಟ್ಟೆ, ಝೆರಾಕ್ಸ್ ಅಂಗಡಿಯ ಸಾಲು, ಹಾಸ್ಟೆಲಿನ ಊಟದ ಮನೆಯ ಬಾಗಿಲು. ನಮಗೆ ಒಳ್ಳೆಯ ಜಾಗ ಸಿಕ್ಕಿದ್ದು ಗ್ರಂಥಾಲಯದ ಪಡಸಾಲೆಯಲ್ಲಿ, ನೀರಿನ ತೊಟ್ಟಿಯ ಎದುರು. ಕಲಬುರಗಿಯ ಬಿಸಿಲಿಗೆ ದಿನಕ್ಕೆ ಮೂರು ಸಲ ಎಲ್ಲರೂ ಅಲ್ಲಿಗೆ ಬರಲೇಬೇಕು. ಬಾಟಲಿ ತುಂಬುವಷ್ಟು ಹೊತ್ತು ನಿಲ್ಲಲೇಬೇಕು.

ಹುಡುಗಿಯರು ಎಲ್ಲಿ ನಿಲ್ಲುತ್ತಾರೆ ಎಂದು ಬೇರೆಯಾಗಿ ನೋಡಿ. ಗೇಟಿನ ಬಳಿಯ ಕಟ್ಟೆ ಹುಡುಗರಿಂದ ತುಂಬಿರುತ್ತದೆ, ಹುಡುಗಿಯರು ಅಲ್ಲಿಂದ ತಲೆ ತಗ್ಗಿಸಿ ಬೇಗ ದಾಟಿಬಿಡುತ್ತಾರೆ. ಅಲ್ಲಿ ಪರದೆ ಹಾಕಿದರೆ ಅದು ಅರ್ಧ ಕಾಲೇಜಿನ ಪರದೆ ಮಾತ್ರ ಆಗುತ್ತದೆ.

ಎತ್ತರದಲ್ಲಿ ಹೆಚ್ಚಿನವರು ತಪ್ಪುತ್ತಾರೆ. ಕಳ್ಳತನದ ಭಯಕ್ಕೆ ಪರದೆಯನ್ನು ಸೂರಿನ ಹತ್ತಿರ ಏರಿಸುತ್ತಾರೆ. ಜನ ನಡೆಯುವಾಗ ಕಣ್ಣೆತ್ತಿ ನೋಡುವುದಿಲ್ಲ. ಪರದೆಯ ನಡುಭಾಗ ನೆಲದಿಂದ ಐದು ಅಡಿಯಷ್ಟಿರಲಿ. ಗಾಲಿಕುರ್ಚಿಯಲ್ಲಿ ಬರುವವರಿಗೂ ಅದು ಕಾಣುತ್ತದೆ. ಕಳ್ಳತನಕ್ಕೆ ಕಬ್ಬಿಣದ ಚೌಕಟ್ಟು, ಬೀಗ ಸಾಕು.

ಮುಂದೆ ಕೂರಲು ಎರಡು ಬೆಂಚು ಇಡಿ. ನನ್ನನ್ನು ಕೇಳಿದರೆ, ಪರದೆಯ ಗಾತ್ರ ಒಂದು ಮಟ್ಟ ಕಡಿಮೆ ಮಾಡಿ ಆ ಹಣವನ್ನು ಬೆಂಚಿಗೆ ಹಾಕಿ ಎನ್ನುತ್ತೇನೆ.

ನಮ್ಮ ಬಿಸಿಲಿಗೆ ಪರದೆ ತಾಳುತ್ತದೆಯೇ?

ಮನೆಯ ಟಿವಿಗಳನ್ನು ಸಾಮಾನ್ಯವಾಗಿ 40 ಡಿಗ್ರಿಯವರೆಗಿನ ತಾಪಕ್ಕೆಂದು ಮಾಡಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ಕಲಬುರಗಿ, ಯಾದಗಿರಿಗಳಲ್ಲಿ ನೆರಳಿನಲ್ಲೇ ಅದು ದಾಟುತ್ತದೆ. ಬಿಸಿಲು ನೇರ ಬೀಳುವ ಗೋಡೆ, ತಗಡಿನ ಸೂರು ಎರಡೂ ಬೇಡ. ಹಿಂದೆ ನಾಲ್ಕು ಬೆರಳು ಗಾಳಿಯಾಡುವ ಜಾಗ ಬಿಡಿ, ಬೇಸಿಗೆಯಲ್ಲಿ ಮಧ್ಯಾಹ್ನ 12ರಿಂದ 4ರವರೆಗೆ ಆರಿಸಿಬಿಡಿ. ಬೆಳಕಿನ ಲೆಕ್ಕವೂ ಇದೆ, ಅದರ ಅಳತೆಯ ಹೆಸರು ನಿಟ್ಸ್. ಮನೆಯ ಟಿವಿ ಸುಮಾರು 300 ನಿಟ್ಸ್ ಬೆಳಕು ಕೊಡುತ್ತದೆ, ನೆರಳಿನ ಪಡಸಾಲೆಗೆ ಅದು ಸಾಕು. ಬಯಲಿನ ಬಿಸಿಲಿನಲ್ಲಿ ಓದಬೇಕೆಂದರೆ 2,500 ನಿಟ್ಸ್‌ಗೂ ಮೇಲೆ ಬೇಕು, ಅದರ ಬೆಲೆ ಹಲವು ಪಟ್ಟು. ಬಯಲಿಗೆ ಹೋಗಬೇಡಿ.

ಎಲ್‌ಇಡಿ ಬೋರ್ಡಿನಲ್ಲಿ ಕನ್ನಡ ಓದಲಾಗುವುದೇ ಇಲ್ಲ. ಇದಕ್ಕೆ ಏನು ಮಾಡುವುದು?

ಈ ಪ್ರಶ್ನೆ ಕೇಳಿದವರಿಗೆಲ್ಲ ನಾನು ಸಾವಧಾನವಾಗಿ ಉತ್ತರಿಸುತ್ತೇನೆ, ಏಕೆಂದರೆ ಅನೇಕ ಕಾಲೇಜುಗಳು ಇದೇ ಕಾರಣಕ್ಕೆ ಬೇಸತ್ತು ಬೋರ್ಡನ್ನು ಇಂಗ್ಲಿಷಿಗೆ ತಿರುಗಿಸಿಬಿಡುತ್ತವೆ.

ಅಂಗಡಿ, ಬ್ಯಾಂಕುಗಳ ಮುಂದೆ ಕೆಂಪು ಅಕ್ಷರ ಓಡುವ ಬೋರ್ಡನ್ನು ಪಿ10 ಎನ್ನುತ್ತಾರೆ. ಒಂದು ದೀಪದ ಚುಕ್ಕೆಯಿಂದ ಇನ್ನೊಂದಕ್ಕೆ 10 ಮಿಲಿಮೀಟರ್ ಅಂತರ. ಒಂದು ಹಲಗೆಯಲ್ಲಿ ಅಡ್ಡ 32, ಎತ್ತರ 16 ಚುಕ್ಕೆಗಳು. ಇಂಗ್ಲಿಷಿನ ದೊಡ್ಡಕ್ಷರಕ್ಕೆ ಏಳು ಚುಕ್ಕೆಯ ಎತ್ತರ ಸಾಕು. ಕನ್ನಡದ ಅಕ್ಷರ ಮೂರು ಅಂತಸ್ತಿನದು. ಮೇಲೆ ತಲೆಕಟ್ಟು, ಗುಡಿಸು, ನಡುವೆ ಅಕ್ಷರದ ಮೈ, ಕೆಳಗೆ ಒತ್ತು. ಹದಿನಾರು ಚುಕ್ಕೆಗಳನ್ನು ಈ ಮೂವರಿಗೆ ಹಂಚಿದರೆ ಒತ್ತಿಗೆ ಸಿಗುವುದು ನಾಲ್ಕೋ ಐದೋ. "ಶಾಸ್ತ್ರ" ಎಂದು ಬರೆದು ನೋಡಿ. ಸಕಾರದ ಕೆಳಗೆ ತಕಾರ, ಅದರ ಜೊತೆಗೆ ರಕಾರ, ಎರಡೂ ಒತ್ತುಗಳು ಒಂದು ಕೆಂಪು ಮುದ್ದೆಯಾಗುತ್ತವೆ. "ಫಲಿತಾಂಶ"ದ ಫಕಾರದ ಸೀಳು ಕಾಣದೆ ಪಕಾರವಾಗುತ್ತದೆ. "ವಿಷಯ"ದ ಷಕಾರದ ಹೊಟ್ಟೆಯ ಗೆರೆ ಮುಚ್ಚಿಹೋಗುತ್ತದೆ. ಓದುವವರು ತಮ್ಮ ಕನ್ನಡವೇ ಸರಿಯಿಲ್ಲ ಎಂದುಕೊಳ್ಳುತ್ತಾರೆ, ತಪ್ಪು ಬೋರ್ಡಿನದು.

ದಾರಿ ಮೂರು. ಎರಡು ಹಲಗೆಗಳನ್ನು ಒಂದರ ಮೇಲೊಂದು ಜೋಡಿಸಿ 32 ಚುಕ್ಕೆಯ ಎತ್ತರ ಮಾಡಿಕೊಳ್ಳಬಹುದು. ಅಷ್ಟೇ ಅಳತೆಯ ಪಿ5 ಹಲಗೆ ತಂದರೆ ಅದರಲ್ಲೇ 64ಕ್ಕೆ 32 ಚುಕ್ಕೆ ಇರುತ್ತವೆ. ಅದಾಗದಿದ್ದರೆ ಮಾತನ್ನೇ ಬದಲಿಸಬೇಕು: "ಪ್ರವೇಶಪತ್ರಗಳನ್ನು ವಿತರಿಸಲಾಗುತ್ತಿದೆ" ಎಂಬುದಕ್ಕೆ "ಹಾಲ್‌ಟಿಕೆಟ್ ಬಂದಿವೆ, ಕಚೇರಿಗೆ ಬನ್ನಿ" ಎಂದರೆ ಒತ್ತುಗಳೂ ಕಡಿಮೆ, ಅರ್ಥವೂ ಬೇಗ. ಚುಕ್ಕೆಯ ಅಂತರ ಎಷ್ಟು ಮಿಲಿಮೀಟರೋ ಸುಮಾರು ಅಷ್ಟು ಮೀಟರ್ ದೂರ ನಿಂತರೆ ಮಾತ್ರ ಅಕ್ಷರ ಕೂಡಿಕೊಂಡು ಕಾಣುತ್ತದೆ. ಹಾಗಾಗಿ ಪಿ10 ಬೋರ್ಡು ಗೇಟಿಗೆ ಸರಿ, ಕಿರಿದಾದ ಪಡಸಾಲೆಗೆ ಅಲ್ಲ.

ಟಿವಿ ಪರದೆಯಲ್ಲಿ ಚುಕ್ಕೆಯ ಕಷ್ಟ ಇಲ್ಲ, ಆದರೆ ತುರುಕುವ ಚಟ ಇದೆ. ಮೂರು ಮೀಟರ್ ದೂರಕ್ಕೆ ಅಕ್ಷರದ ಮೈ ಎರಡೂವರೆ ಸೆಂಟಿಮೀಟರ್, ಆರು ಮೀಟರಿಗೆ ಐದು ಸೆಂಟಿಮೀಟರ್ ಎಂಬ ಲೆಕ್ಕ ಇಟ್ಟುಕೊಳ್ಳಿ. ಆರು ಮೀಟರಿನ ಲೆಕ್ಕ ಹಿಡಿದು ಒತ್ತು, ಗುಡಿಸುಗಳಿಗೆ ಜಾಗ ಬಿಟ್ಟರೆ ಸಾಲಿಗೆ ಹತ್ತು ಸೆಂಟಿಮೀಟರ್ ಆಗುತ್ತದೆ. 43 ಇಂಚಿನ ಟಿವಿಯ ಎತ್ತರ 53 ಸೆಂಟಿಮೀಟರ್. ಅಂದರೆ ಐದು ಸಾಲು, ಅಷ್ಟೇ. ಕಚೇರಿಯ ಸುತ್ತೋಲೆಯನ್ನು ಫೋಟೊ ಹೊಡೆದು ಹಾಕುವವರು ಈ ಐದು ಸಾಲನ್ನು ನೆನಪಿಡಬೇಕು.

ಕಚೇರಿಯವರು ಕೊಟ್ಟ ಕನ್ನಡ ಪಠ್ಯ ಪರದೆಯಲ್ಲಿ ವಿಚಿತ್ರ ಚಿಹ್ನೆಗಳಾಗಿ ಬರುತ್ತದೆ. ಏನಾಗಿದೆ?

ಅದನ್ನು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿರುತ್ತಾರೆ. ಪರದೆಯ ತಂತ್ರಾಂಶಕ್ಕೆ ಯೂನಿಕೋಡ್ ಎಂಬ ಎಲ್ಲ ಕಡೆ ನಡೆಯುವ ಅಕ್ಷರ ಸಂಕೇತ ಬೇಕು. ಪರಿವರ್ತಕದಲ್ಲಿ ಹಾಕಿ ಬದಲಿಸಿಕೊಳ್ಳಿ, ಆಮೇಲೆ ಒಮ್ಮೆ ಓದಿ ನೋಡಿ. ಅರ್ಕಾವತ್ತು ಕೆಲವೊಮ್ಮೆ ಜಾಗ ತಪ್ಪಿರುತ್ತದೆ. ನೋಟೊ ಸಾನ್ಸ್ ಕನ್ನಡ, ಅನೇಕ್ ಕನ್ನಡ, "ಬಾಲೂ ತಮ್ಮ" ಎಂಬ ಅಕ್ಷರಶೈಲಿಗಳು ಉಚಿತವಾಗಿ ಸಿಗುತ್ತವೆ, ಪರದೆಯ ಮೇಲೆ ಚೆನ್ನಾಗಿ ಕಾಣುತ್ತವೆ.

ಉರ್ದು, ಮರಾಠಿ, ತೆಲುಗು, ಲಂಬಾಣಿ ಮಾತಾಡುವ ವಿದ್ಯಾರ್ಥಿಗಳೂ ಇದ್ದಾರೆ. ಯಾವ ಭಾಷೆಯಲ್ಲಿ ಹಾಕಬೇಕು?

ಸೂಚನೆಗಳು ಕನ್ನಡದಲ್ಲಿ ಇರಲಿ. ವಿದ್ಯಾರ್ಥಿಗಳ ಬರಹ ಅವರವರ ಭಾಷೆಯಲ್ಲಿ ಇರಲಿ. ಔರಾದ್, ಭಾಲ್ಕಿ ಕಡೆಯ ಮರಾಠಿ, ಸೇಡಂ, ಗುರುಮಠಕಲ್ ಕಡೆಯ ತೆಲುಗು, ಕಲಬುರಗಿ ಮತ್ತು ಬೀದರಿನ ಉರ್ದು, ತಾಂಡಾಗಳ ಲಂಬಾಣಿ ಇವೆಲ್ಲ ಒಂದೇ ತರಗತಿಯಲ್ಲಿ ಕೂರುತ್ತವೆ. ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯಕ್ಕಂತೂ ದೇಶದ ಎಲ್ಲ ಮೂಲೆಗಳಿಂದ ವಿದ್ಯಾರ್ಥಿಗಳು ಬರುತ್ತಾರೆ. ಒಂದು ಚಿತ್ರದಲ್ಲಿ ನಾಲ್ಕು ಭಾಷೆ ತುಂಬಿದರೆ ಯಾವುದನ್ನೂ ಓದಲಾಗುವುದಿಲ್ಲ. ಒಂದಾದ ಮೇಲೆ ಒಂದು ಬರಲಿ.

ಉರ್ದುವಿಗೆ ಒಂದು ಎಚ್ಚರಿಕೆ. ನಸ್ತಾಲೀಖ್ ಬರವಣಿಗೆ ಬಲದಿಂದ ಎಡಕ್ಕೆ ಇಳಿಜಾರಾಗಿ ಸಾಗುತ್ತದೆ, ಸಾಲಿಗೆ ಹೆಚ್ಚಿನ ಎತ್ತರ ಬೇಕು. ಕನ್ನಡಕ್ಕೆ ಇಟ್ಟ ಅಳತೆಯಲ್ಲೇ ಅದನ್ನು ಹಾಕಿದರೆ ಮೇಲಿನ ಚುಕ್ಕೆಗಳು ಕತ್ತರಿಸಿಹೋಗುತ್ತವೆ, ಚುಕ್ಕೆ ಹೋದರೆ ಅಕ್ಷರವೇ ಬೇರೆಯಾಗುತ್ತದೆ. ಓದಲು ಬರುವ ವಿದ್ಯಾರ್ಥಿಯೊಬ್ಬರು ಪರದೆಯ ಮೇಲೆ ನೋಡಿ ಒಪ್ಪಿದ ಮೇಲೆಯೇ ಹಾಕಿ. ಲಂಬಾಣಿಯನ್ನು ನಮ್ಮ ವಿದ್ಯಾರ್ಥಿಗಳು ಕನ್ನಡ ಲಿಪಿಯಲ್ಲೇ ಬರೆಯುತ್ತಾರೆ. ತಾಂಡಾದ ಹುಡುಗಿಯೊಬ್ಬಳು ತನ್ನ ಅಜ್ಜಿ ಹೇಳುವ ಒಗಟನ್ನು ಹಾಗೆ ಬರೆದು ಕೊಟ್ಟಳು. ಮೂರು ದಿನ ಬಿಡಿಸಲಾಗದೆ ಹೋದ ಹುಡುಗರು ಅವಳನ್ನೇ ಹುಡುಕಿಕೊಂಡು ಗ್ರಂಥಾಲಯಕ್ಕೆ ಬಂದರು.

ಸೂಚನೆ ಬಿಟ್ಟು ಬೇರೇನು ಹಾಕಬಹುದು?

ಮೊದಲು ಬಸ್ಸು. ನಮ್ಮ ವಿದ್ಯಾರ್ಥಿಗಳ ಬದುಕು ಬಸ್ಸಿನ ವೇಳೆಗೆ ಕಟ್ಟಿಬಿದ್ದಿದೆ. ಜೇವರ್ಗಿ, ಅಫಜಲಪುರ, ಆಳಂದ, ಚಿಂಚೋಳಿ ದಾರಿಯ ಹಳ್ಳಿಗಳಿಂದ ಬರುವವರು ಸಂಜೆಯ ಬಸ್ಸು ತಪ್ಪಿಸಿಕೊಂಡರೆ ಮನೆ ಸೇರುವುದು ರಾತ್ರಿಯೇ. ನಾಟಕದ ತಾಲೀಮು, ಕವಿಗೋಷ್ಠಿ ಎಲ್ಲವನ್ನೂ ನಾಲ್ಕೂವರೆಗೆ ಇಟ್ಟು, "ಹಳ್ಳಿಯವರು ಯಾವುದರಲ್ಲೂ ಭಾಗವಹಿಸುವುದಿಲ್ಲ" ಎಂದು ನಾವೇ ದೂರುತ್ತಿದ್ದೆವು. ದಾರಿವಾರು ಬಸ್ಸಿನ ವೇಳೆಯನ್ನು ಪರದೆಗೆ ಹಾಕಿದಾಗ ಅದು ನಮ್ಮ ಕಣ್ಣಿಗೇ ಮೊದಲು ಬಿತ್ತು. ಕಾರ್ಯಕ್ರಮಗಳು ಈಗ ಮಧ್ಯಾಹ್ನಕ್ಕೆ ಸರಿದಿವೆ. ಒಂದೇ ದಾರಿಯವರು ಒಬ್ಬರಿಗೊಬ್ಬರು ಗೊತ್ತಾಗಿ, ಬಸ್ಸಿನಲ್ಲೇ ಪರೀಕ್ಷೆಗೆ ಪ್ರಶ್ನೆ ಕೇಳಿಕೊಳ್ಳುವ ಬಳಗಗಳಾಗಿವೆ. ಯಾವ ವಿದ್ಯಾರ್ಥಿನಿ ಯಾವ ಬಸ್ಸಿಗೆ ಹೋಗುತ್ತಾಳೆ ಎಂಬುದು ಮಾತ್ರ ಎಂದಿಗೂ ಪರದೆಗೆ ಬರಬಾರದು, ವೇಳೆ ಸಾಕು.

ಎರಡನೆಯದು, ಊರು. ನಮ್ಮ ಪರದೆ ಜೀವ ಹಿಡಿದದ್ದು ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ, ಫೋಟೊಗಳಿಂದ. "ನಿಮ್ಮೂರ ಅಗಸಿಯ ಫೋಟೊ ತನ್ನಿ, ಹೆಸರು ಹೇಳಬೇಡಿ" ಎಂದು ಕೇಳಿದೆವು. ಫೋಟೊ ಒಂದು ದಿನ ಪೂರ್ತಿ ಇರುತ್ತದೆ, ಊರು ಯಾವುದೆಂದು ಮರುದಿನ ಬರುತ್ತದೆ. ಒಮ್ಮೆ ಬಂದ ಫೋಟೊದಲ್ಲಿ ಶಹಾಬಾದ್ ಕಲ್ಲಿನ ಕಟ್ಟೆ, ಅದರ ಮೇಲೆ ಇಸ್ಪೀಟಿನ ಮನೆ ಹಾಗೆ ಕೊರೆದ ಗೆರೆಗಳು, ಒಂದು ಬದಿಗೆ ಬಣ್ಣ ಹಚ್ಚಿದ ಹನುಮಪ್ಪ, ಕಮಾನಿನ ಬಿರುಕಿನಲ್ಲಿ ಮೊಳೆತ ಅರಳಿ ಗಿಡ. ನೀರು ತುಂಬಲು ಬಂದ ಹುಡುಗನೊಬ್ಬ ಬಾಟಲಿ ತುಂಬಿ ಹರಿಯುತ್ತಿದ್ದರೂ ನೋಡುತ್ತ ನಿಂತಿದ್ದ. "ಆ ಗೆರೆ ಇಸ್ಪೀಟಿಗಲ್ಲ, ಹುಲಿಕಟ್ಟಿನ ಆಟಕ್ಕೆ" ಎಂದ. ಪಕ್ಕದಲ್ಲಿದ್ದ ಹುಡುಗಿ "ನಮ್ಮೂರಲ್ಲೂ ಇದೆ" ಎಂದಳು. ಅವನು ಚಿತ್ತಾಪುರ ತಾಲ್ಲೂಕಿನವನು, ಅವಳು ಶಹಾಪುರದ ಕಡೆಯವಳು. ಎರಡು ವರ್ಷ ಒಂದೇ ಪಡಸಾಲೆಯಲ್ಲಿ ಓಡಾಡಿದವರು. ಮುಂದಿನ ವಾರ ಮರದ ಕೆಳಗೆ ಸೀಮೆಸುಣ್ಣದ ಮನೆ ಬರೆದು ಹತ್ತು ಹನ್ನೆರಡು ಜನ ಹುಲಿಕಟ್ಟು ಆಡುತ್ತಿದ್ದರು. ಪರದೆ ಆ ಹೊತ್ತಿಗೆ ಕರೆಂಟಿಲ್ಲದೆ ಆರಿತ್ತು.

ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು 2006ರಿಂದ ರೇ ಎಂಬ ಹಳ್ಳಿಯಲ್ಲಿ, ಊರವರೇ ಫೋಟೊ ಹಾಕುವ ಪರದೆಯೊಂದನ್ನು ಇಟ್ಟು ವರ್ಷಗಟ್ಟಲೆ ನಡೆಸಿದ್ದಾರೆ. ಅದರ ಬಗ್ಗೆ ಓದಿದಾಗ ನಮ್ಮ ಅಗಸಿಯ ನೆನಪಾಯಿತು. ಊರಿನ ಚಿತ್ರಕ್ಕೆ ನಿಲ್ಲದ ಕಾಲು ಎಲ್ಲೂ ಇಲ್ಲ.

ಮೂರನೆಯದು, ಬೇಕು ಮತ್ತು ಕೊಡುತ್ತೇನೆ. "ಕಳೆದ ವರ್ಷದ ಅರ್ಥಶಾಸ್ತ್ರದ ಪುಸ್ತಕ ಇದೆ, ಬೇಕಾದವರಿಗೆ ಕೊಡುತ್ತೇನೆ." "ವಿದ್ಯಾರ್ಥಿವೇತನದ ಅರ್ಜಿ ತುಂಬಲು ಗೊತ್ತಿದ್ದವರು ನೆರವಾಗಿ." ಸಣ್ಣ ಮಾತುಗಳು, ಆದರೆ ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರಿಗೆ ಯಾರನ್ನು ಕೇಳಬೇಕು ಎಂಬುದೇ ತಿಳಿದಿರುವುದಿಲ್ಲ.

ಹಾಜರಾತಿ ಕಡಿಮೆ ಇರುವವರ, ಶುಲ್ಕ ಕಟ್ಟದವರ ಪಟ್ಟಿ ಹಾಕಬಹುದೇ? ಎಲ್ಲರೂ ನೋಡುತ್ತಾರಲ್ಲ.

ಬೇಡ. ಎಲ್ಲರೂ ನೋಡುತ್ತಾರೆ ಎಂಬುದೇ ಬೇಡ ಎನ್ನಲು ಕಾರಣ.

ನಮ್ಮಲ್ಲಿ ಒಮ್ಮೆ ಹಾಜರಾತಿ ಕೊರತೆಯ ಪಟ್ಟಿ ಹೆಸರುಗಳ ಸಮೇತ ಪರದೆಗೆ ಏರಿತು. ತಡೆಯುವ ಅಧಿಕಾರ ನನಗಿತ್ತು, ತಡೆಯಲಿಲ್ಲ. ಪಟ್ಟಿಯಲ್ಲಿದ್ದ ಹುಡುಗಿಯೊಬ್ಬಳು ಮರುದಿನ ಬರಲಿಲ್ಲ, ಅದರ ಮರುದಿನವೂ ಬರಲಿಲ್ಲ. ತೊಗರಿ ರಾಶಿಯ ಕಾಲ, ಅವಳು ತಾಯಿಯ ಜೊತೆ ಕೂಲಿಗೆ ಹೋಗುತ್ತಿದ್ದಳು ಎಂದು ಅವಳ ಗೆಳತಿ ಬಂದು ಹೇಳಿದಳು. ನಾಲ್ಕನೆಯ ದಿನ ಅವಳು ಬಂದಳು, ನೀರಿನ ತೊಟ್ಟಿಯ ಕಡೆಗೆ ಬರದೆ ಹಿಂದಿನ ಬಾಗಿಲಿನಿಂದ ಒಳಗೆ ಹೋದಳು. ಅಂದಿನಿಂದ ನಮ್ಮ ಪರದೆಗೆ ಬರೆದಿಟ್ಟ ನಿಯಮ ಒಂದಿದೆ: ಯಾರ ಕೊರತೆಯೂ ಇಲ್ಲಿ ಬರುವುದಿಲ್ಲ. ಅಂಕ, ಶುಲ್ಕ, ಹಾಜರಾತಿ ಇವೆಲ್ಲ ಕಚೇರಿಯಲ್ಲಿ ಒಬ್ಬೊಬ್ಬರನ್ನೇ ಕರೆದು ಹೇಳುವ ಮಾತುಗಳು.

ವಿದ್ಯಾರ್ಥಿಗಳ ಕೈಗೆ ಕೊಟ್ಟರೆ ಗಲಾಟೆ ಆಗುವುದಿಲ್ಲವೇ?

ಕೊಡದಿದ್ದರೆ ಪರದೆ ಸಾಯುತ್ತದೆ. ಎರಡರಲ್ಲಿ ಗಲಾಟೆಯನ್ನು ಸಂಭಾಳಿಸುವುದು ಸುಲಭ.

ನಮ್ಮಲ್ಲಿ ಆರು ವಿದ್ಯಾರ್ಥಿಗಳ ಗುಂಪು ನಡೆಸುತ್ತದೆ. ಮೂವರು ಹುಡುಗಿಯರು, ಮೂವರು ಹುಡುಗರು, ಬೇರೆ ಬೇರೆ ವಿಭಾಗದವರು. ಏನೇ ಬಂದರೂ ಇಬ್ಬರು ನೋಡಿ ಒಪ್ಪಬೇಕು. ಹಾಕಲಾಗದಿದ್ದರೆ ಕಾರಣವನ್ನು ಕೊಟ್ಟವರಿಗೆ ಮುಖತಃ ಹೇಳಬೇಕು. ಈ ಕೊನೆಯ ನಿಯಮ ಬಹಳ ಕೆಲಸ ಮಾಡುತ್ತದೆ. ಹೆಸರಿಲ್ಲದ ಬರಹ ಹಾಕುವುದಿಲ್ಲ. ಬರೆದವರ ಹೆಸರು ಗುಂಪಿಗೆ ಗೊತ್ತಿರಬೇಕು, ಪರದೆಯ ಮೇಲೆ ಬರಬೇಕೆಂದಿಲ್ಲ. ಚುನಾವಣೆಯ ಪ್ರಚಾರ, ಯಾರದೇ ಜಾತಿ ಧರ್ಮವನ್ನು ಕೆಣಕುವ ಮಾತು, ಹುಟ್ಟುಹಬ್ಬದ ಫ್ಲೆಕ್ಸ್ ಮಾದರಿಯ ಶುಭಾಶಯ ಇವು ಬರುವುದಿಲ್ಲ. ಕೋಚಿಂಗ್ ಸೆಂಟರಿನವರು ಜಾಹೀರಾತಿಗೆ ಹಣ ಕೊಡುತ್ತೇವೆ ಎಂದು ಬರುತ್ತಾರೆ. ಒಂದು ಜಾಹೀರಾತು ಒಳಗೆ ಬಂದರೆ ಕಣ್ಣು ಮತ್ತೆ ಪರದೆ ದಾಟಿ ಹೋಗಲು ಕಲಿಯುತ್ತದೆ, ಆದ್ದರಿಂದ ನಾವು ಒಪ್ಪಿಲ್ಲ.

ಫೋಟೊ ಹಾಕುವಾಗ ಅನುಮತಿ ಬೇಕೇ?

ಬೇಕು, ಬರವಣಿಗೆಯಲ್ಲಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆಯನ್ನು ಮುಖ್ಯವಾಗಿ ಹಿಡಿದಿದೆ. 18 ತುಂಬದವರಿಗೆ ಪಾಲಕರ ಒಪ್ಪಿಗೆ ಬೇಕು ಎನ್ನುತ್ತದೆ. ಪಿಯು ಕಾಲೇಜಿನವರು ಇದನ್ನು ಗಮನಿಸಬೇಕು. ಕಾಯ್ದೆಯನ್ನು ಬದಿಗಿಟ್ಟರೂ, ಪರದೆಯ ಫೋಟೊವನ್ನು ಯಾರಾದರೂ ಮೊಬೈಲಿನಲ್ಲಿ ಹಿಡಿದು ಊರಿಗೆ ಕಳಿಸಬಹುದು. ಕೆಲವು ಮನೆಗಳಲ್ಲಿ ಅದೊಂದೇ ಕಾರಣಕ್ಕೆ ಹುಡುಗಿಯ ಓದು ನಿಲ್ಲಬಹುದು. ಒಪ್ಪಿಗೆ ಕೊಟ್ಟವಳು ನಾಳೆ ಬೇಡ ಎಂದರೆ ಕಾರಣ ಕೇಳದೆ ತೆಗೆಯಿರಿ. ಮುಖವಿಲ್ಲದ ಫೋಟೊಗಳೂ ಎಷ್ಟೋ ಹೇಳುತ್ತವೆ: ಕೈ, ರೊಟ್ಟಿ ಬುತ್ತಿ, ಹೊಲ, ಅಗಸಿ. ಪರದೆಯ ಮೇಲೆ ಕಾಯಂ ಆಗಿ ಕ್ಯಾಮೆರಾ ಕೂರಿಸಬೇಡಿ.

ಟಚ್ ಸ್ಕ್ರೀನ್ ಬೇಕೇ? ಕ್ಯೂಆರ್ ಕೋಡ್ ಸಾಲದೇ?

ಟಚ್ ಬೇಡ, ದುಬಾರಿ, ಧೂಳಿಗೆ ಬೇಗ ಕೆಡುತ್ತದೆ. ಬರಹ ಕಳಿಸಲು ಕ್ಯೂಆರ್ ಕೋಡ್ ಇರಲಿ, ಆದರೆ ಡೇಟಾ ಮುಗಿದವರು, ಮೊಬೈಲ್ ಇಲ್ಲದವರು ಇದ್ದಾರೆ. ಪರದೆಯ ಕೆಳಗೆ ಒಂದು ಪೆಟ್ಟಿಗೆ, ಹಾಳೆಯ ಚೂರು, ದಾರ ಕಟ್ಟಿದ ಪೆನ್ನು ಇಡಿ. ಒಳ್ಳೆಯ ಬರಹಗಳಲ್ಲಿ ಹೆಚ್ಚಿನವು ನಮಗೆ ಆ ಪೆಟ್ಟಿಗೆಯಿಂದಲೇ ಬಂದಿವೆ. ಕೈಬರಹವನ್ನು ಟೈಪ್ ಮಾಡದೆ ಹಾಗೆಯೇ ಸ್ಕ್ಯಾನ್ ಮಾಡಿ ದೊಡ್ಡದಾಗಿ ಹಾಕಿ ನೋಡಿ.

ಖರ್ಚು, ಕರೆಂಟು, ಇಂಟರ್ನೆಟ್?

43 ಇಂಚಿನ ಟಿವಿ ಸುಮಾರು 100 ವ್ಯಾಟ್ ಎಳೆಯುತ್ತದೆ. ದಿನಕ್ಕೆ ಎಂಟು ಗಂಟೆ, ತಿಂಗಳಿಗೆ 25 ದಿನ ಎಂದರೆ 20 ಯೂನಿಟ್. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರಿಗೆ ಆಂಥಿಯಾಸ್ ಎಂಬ ಉಚಿತ, ಮುಕ್ತ ತಂತ್ರಾಂಶ ಹಾಕಿದರೆ ಯಾವ ಚಿತ್ರ ಯಾವಾಗ ಬರಬೇಕು, ಯಾವ ದಿನ ಇಳಿಯಬೇಕು ಎಂದು ಮೊದಲೇ ಹೇಳಿಡಬಹುದು. ಹಲವು ಪರದೆಗಳಿದ್ದರೆ ಝೈಬೋ ನೋಡಿ, ಅದೂ ಮುಕ್ತ ತಂತ್ರಾಂಶವೇ. ಏನೂ ಇಲ್ಲದಿದ್ದರೆ ಪೆನ್‌ಡ್ರೈವ್ ಸಾಕು. ನಾವು ಮೊದಲ ವರ್ಷ ನಡೆಸಿದ್ದು ಅದರಲ್ಲೇ. ವೋಲ್ಟೇಜ್ ಏರಿಳಿತಕ್ಕೆ ಸ್ಟೆಬಿಲೈಜರ್ ಮಾತ್ರ ಮರೆಯಬೇಡಿ.

ಎರಡು ಊರಿನ ಕಾಲೇಜುಗಳನ್ನು ಪರದೆಯಿಂದ ಜೋಡಿಸಬಹುದೇ?

ಜೋಡಿಸಬಹುದು, ಜೋಡಿಸಬೇಕು. 1980ರ ನವೆಂಬರಿನಲ್ಲಿ ಕಿಟ್ ಗ್ಯಾಲೊವೇ ಮತ್ತು ಶೆರಿ ರಾಬಿನೊವಿಟ್ಜ್ ಎಂಬ ಕಲಾವಿದರು ನ್ಯೂಯಾರ್ಕ್ ಮತ್ತು ಲಾಸ್ ಏಂಜಲೀಸ್ ನಗರಗಳ ಬೀದಿ ಬದಿಯಲ್ಲಿ ಒಂದೊಂದು ದೊಡ್ಡ ಪರದೆ ಇಟ್ಟು, ಉಪಗ್ರಹದ ಮೂಲಕ ಆ ಬೀದಿಯವರು ಈ ಬೀದಿಗೆ, ಈ ಬೀದಿಯವರು ಆ ಬೀದಿಗೆ ಆಳೆತ್ತರದಲ್ಲಿ ಕಾಣುವಂತೆ ಮಾಡಿದರು. ಯಾವ ಬೋರ್ಡೂ ಇಲ್ಲ, ವಿವರಣೆಯೂ ಇಲ್ಲ. ಮೊದಲ ಸಂಜೆ ದಾರಿಹೋಕರು ಬೆರಗಾಗಿ ನಿಂತರು. ಮೂರನೆಯ ಸಂಜೆಗೆ ವರ್ಷಗಟ್ಟಲೆ ಭೇಟಿಯಾಗದ ಮನೆಯವರು ಫೋನಿನಲ್ಲಿ ಗೊತ್ತುಮಾಡಿಕೊಂಡು ಬಂದಿದ್ದರು. ಮೂರು ಸಂಜೆಗಳಿಗೆ ಅದು ಮುಗಿಯಿತು.

ಇಂದು ಅದಕ್ಕೆ ಉಪಗ್ರಹ ಬೇಡ, ಎರಡು ಕ್ಯಾಮೆರಾ ಮತ್ತು ಒಂದು ವಿಡಿಯೊ ಕರೆ ಸಾಕು. ಕಲಬುರಗಿ ಮತ್ತು ಬೀದರಿನ ಎರಡು ಹಾಸ್ಟೆಲುಗಳ ನಡುವೆ ವಾರಕ್ಕೊಂದು ಸಂಜೆ, ಒಂದು ಗಂಟೆ ಮಾತ್ರ, ಎಲ್ಲರಿಗೂ ಮೊದಲೇ ತಿಳಿಸಿ ತೆರೆಯಿರಿ. ದಿನವಿಡೀ ತೆರೆದಿಟ್ಟರೆ ಅದು ಕಾವಲು ಕ್ಯಾಮೆರಾ ಆಗಿಬಿಡುತ್ತದೆ.

ಪರದೆ ಕೆಲಸ ಮಾಡುತ್ತಿದೆ ಎಂದು ಹೇಗೆ ತಿಳಿಯುವುದು?

ಎಷ್ಟು ಜನ ನೋಡಿದರು ಎಂದು ಎಣಿಸಬೇಡಿ. ಪೆಟ್ಟಿಗೆಯಲ್ಲಿ ಎಷ್ಟು ಚೀಟಿ, ಅದರಲ್ಲಿ ಹೊಸ ಕೈಬರಹ ಎಷ್ಟು, ಯಾವ ವಿಭಾಗದಿಂದ ಒಂದೂ ಬಂದಿಲ್ಲ ಎಂದು ತಿಂಗಳಿಗೊಮ್ಮೆ ನೋಡಿ. ಬಾರದ ವಿಭಾಗದವರ ಬಳಿಗೆ ನಡೆದುಕೊಂಡು ಹೋಗಿ ಕೇಳಿ. ಇನ್ನೊಂದು ಪರೀಕ್ಷೆಯೂ ಇದೆ. ಪರದೆ ಒಂದು ದಿನ ಕೆಟ್ಟರೆ ಎಷ್ಟು ಜನ ಬಂದು ವಿಚಾರಿಸುತ್ತಾರೆ?

ನಡೆಸುವ ವಿದ್ಯಾರ್ಥಿಗಳು ಪಾಸಾಗಿ ಹೋದರೆ?

ಎಲ್ಲ ಕಡೆ ಪರದೆ ನಿಲ್ಲುವುದು ಇಲ್ಲೇ. ಕೊನೆಯ ವರ್ಷದವರೇ ಎಲ್ಲ ಮಾಡುತ್ತಿರುತ್ತಾರೆ, ಜೂನ್ ಬಂದಾಗ ಪಾಸ್‌ವರ್ಡ್ ಗೊತ್ತಿದ್ದವರು ಒಬ್ಬರೂ ಇರುವುದಿಲ್ಲ. ಗುಂಪಿನಲ್ಲಿ ಮೊದಲ ವರ್ಷದವರು ಇಬ್ಬರಾದರೂ ಇರಲೇಬೇಕು. ಹೋಗುವವರು ಒಂದು ತಿಂಗಳು ಕೈಕಟ್ಟಿ ಪಕ್ಕದಲ್ಲಿ ನಿಂತು, ಹೊಸಬರಿಂದಲೇ ಮಾಡಿಸಬೇಕು.

ನಮ್ಮಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇದೆ. ಪಾಸ್‌ವರ್ಡ್, ಕೇಬಲ್ ಎಲ್ಲಿದೆ, ಕರೆಂಟು ಹೋಗಿ ಬಂದರೆ ಯಾವ ಬಟನ್ ಒತ್ತಬೇಕು, ಯಾವ ಅಕ್ಷರಶೈಲಿಯಲ್ಲಿ ಯಾವ ಒತ್ತು ಕೆಡುತ್ತದೆ ಎಲ್ಲ ಅದರಲ್ಲಿದೆ. ಕಳೆದ ಸಲ ಹೋದವರು ಕೊನೆಯ ಪುಟದಲ್ಲಿ ಇನ್ನೂ ಫೋಟೊ ಬಾರದ ಊರುಗಳ ಪಟ್ಟಿ ಬರೆದಿಟ್ಟು ಹೋಗಿದ್ದಾರೆ. ಯಡ್ರಾಮಿ, ವಡಗೇರಾ, ಕಾಳಗಿ, ಹುಲಸೂರು ಕಡೆಯ ಹಳ್ಳಿಗಳೇ ಅದರಲ್ಲಿ ಹೆಚ್ಚು. ಈ ವರ್ಷ ಸೇರಿದವರು ಅದರಲ್ಲಿ ಆಗಲೇ ಮೂರು ಹೆಸರುಗಳ ಮುಂದೆ ಗುರುತು ಹಾಕಿದ್ದಾರೆ.